ಸತ್ತ ಮರಿಯನ್ನು ತಾಯಿ ಮಂಗ ಯಾಕೆ ಬಿಡುವುದಿಲ್ಲ?

ಪ್ರಶ್ನೆ: ಗಂಗಾವತಿ ತಾಲ್ಲೂಕಿನ ಅಂಜನಾದ್ರಿ ಬೆಟ್ಟದ ಬುಡದಲ್ಲಿ ನಮ್ಮದೊಂದು ಸಣ್ಣ ಕಾಯಿ, ಹೂವಿನ ಅಂಗಡಿ. ನಾಲ್ಕು ದಿನದಿಂದ ಒಂದು ಮಂಗ ತನ್ನ ಸತ್ತ ಮರಿಯನ್ನು ಹಿಡಿದುಕೊಂಡೇ ತಿರುಗುತ್ತಿದೆ. ಮರಿ ಒಣಗಿ ಕಪ್ಪಾಗಿದೆ, ವಾಸನೆ ಬರುತ್ತಿದೆ. ಆದರೂ ಬಿಡುತ್ತಿಲ್ಲ. ನಮ್ಮತ್ತೆ "ಪಾಪ, ಅದಕ್ಕ ಕೂಸು ಸತ್ತದ್ದು ಗೊತ್ತಿಲ್ಲ" ಅಂತಾರೆ. ನಾಲ್ಕನೇ ಕ್ಲಾಸಿನ ಮಗ "ಗೊತ್ತೈತಿ, ಅದಕ್ಕ ಅಳಾಕತ್ತೈತಿ" ಅಂತಾನೆ. ಇಬ್ಬರಲ್ಲಿ ಯಾರ ಮಾತು ಸರಿ? ಓಣಿಯ ಹುಡುಗರು ಬಲೆ ಹಾಕಿ ಹಿಡಿದು, ಮರಿ ಕಸಿದುಕೊಂಡು ಹೂಳೋಣ ಅನ್ನುತ್ತಿದ್ದಾರೆ. ಹಾಗೆ ಮಾಡಬಹುದಾ?

ಉತ್ತರ: ಅಕ್ಕಾವ್ರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅದಕ್ಕೇ ಅವಸರ ಜಾಸ್ತಿ. ಬಲೆ ಬೇಡ. ಕಸಿದುಕೊಳ್ಳುವುದಂತೂ ಬೇಡವೇ ಬೇಡ. ಹುಡುಗರಿಗೆ ಇವತ್ತೇ ಹೇಳಿ. ಅವರ ಮನಸ್ಸು ಒಳ್ಳೆಯದೇ, ನನಗೆ ಗೊತ್ತು. ಆದರೆ ಮರಿ ಹಿಡಿದ ತಾಯಿಯನ್ನು ಮೂಲೆಗೆ ಒತ್ತಿದರೆ ಅದು ಕಚ್ಚುತ್ತದೆ. ಅದು ಕಿರುಚಿದರೆ ಗುಂಪಿನ ಗಂಡುಗಳು ಓಡಿ ಬರುತ್ತವೆ. ಇನ್ನೊಂದು ಮಾತು. ಬಿಡುವ ಹೊತ್ತನ್ನು ಆ ತಾಯಿಯೇ ಕಂಡುಕೊಳ್ಳುತ್ತದೆ. ಅದಕ್ಕೆ ತುಂಬಾ ದಿನ ಬೇಕಾಗುವುದೂ ಅಪರೂಪ.

ನೀವು ಕಳಿಸಿದ ಫೋಟೋ ನೋಡಿದೆ. ನೆತ್ತಿಯ ನಡುವಿನಿಂದ ಸುತ್ತಲೂ ಹರಡಿದ ಕೂದಲು, ಟೋಪಿ ಇಟ್ಟ ಹಾಗೆ. ಇದನ್ನು ಬಾನೆಟ್ ಮಕಾಕ್ ಅನ್ನುತ್ತಾರೆ. ಬಾನೆಟ್ ಅಂದರೆ ಟೋಪಿಯೇ. ನಿಮ್ಮ ಬೆಟ್ಟದಲ್ಲಿ ಕಪ್ಪು ಮುಖದ, ಉದ್ದ ಬಾಲದ ಮುಸುವವೂ ಇದೆ. ಅದು ಬೇರೆ ಜಾತಿ. ಈ ಟೋಪಿ ಮಂಗ ಮಾತ್ರ ಭಾರತದ ದಕ್ಷಿಣ ಭಾಗ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಲ್ಲೂ ಇಲ್ಲ. ದಿನವೂ ಕಣ್ಣಿಗೆ ಬೀಳುವುದರಿಂದ ನಮಗೆ ಅದರ ಬೆಲೆ ಗೊತ್ತಾಗುವುದಿಲ್ಲ. ಅದರ ಸಂಖ್ಯೆ ಇಳಿಯುತ್ತಿದೆ, ಅಪಾಯದಲ್ಲಿರುವ ಪ್ರಾಣಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೂ ಅದು ಸೇರಿದೆ.

ನೀವು ಹೇಳಿದ್ದನ್ನೇ ನಾನೂ ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಹಂಪಿಯ ಕಡೆಯಿಂದ ಆನೆಗುಂದಿಗೆ ಹೊಳೆ ದಾಟುವ ತಳವಾರಘಟ್ಟದ ಹತ್ತಿರ. ಬೇಸಿಗೆ. ಬೆಳಗ್ಗೆ ಒಂಬತ್ತಕ್ಕೇ ಬಂಡೆ ಕಾದು ಕಾಲಿಡಲು ಆಗುತ್ತಿರಲಿಲ್ಲ. ಒಂದು ಹೆಣ್ಣು ಮಂಗ ಮೂರು ಕಾಲಲ್ಲಿ ನಡೆದು ಬಂತು. ನಾಲ್ಕನೆಯ ಕೈಯಲ್ಲಿ ಮರಿಯ ತೋಳು. ಮರಿಯ ತಲೆ ಕಲ್ಲಿಗೆ ತಾಗಿ ತಾಗಿ ಬರುತ್ತಿತ್ತು. ಹುಣಸೆ ಮರದ ನೆರಳಿಗೆ ಬಂದು ಮರಿಯನ್ನು ಮುಂದೆ ಇಟ್ಟುಕೊಂಡಿತು. ನೊಣ ಕೂತಾಗಲೆಲ್ಲ ಕೈಯಾಡಿಸಿತು. ಆಮೇಲೆ ಮರಿಯ ಹೊಟ್ಟೆಯ ಕೂದಲು ಬಿಡಿಸಿ ಬಿಡಿಸಿ ನೋಡಿತು, ಹೇನು ಹೆಕ್ಕುವಾಗ ಮಾಡುತ್ತದಲ್ಲ, ಹಾಗೆ. ಒಂದು ಪೋಕರಿ ಮರಿ ಬಂದು ಮೂಸಿದಾಗ ಸಟ್ಟನೆ ಎಳೆದುಕೊಂಡು ತೊಡೆಯ ಕೆಳಗೆ ಇಟ್ಟಿತು. ಮೂರನೇ ದಿನ ಅದು ಮರಿಯನ್ನು ಬಂಡೆ ಮೇಲೆ ಬಿಟ್ಟು ಹತ್ತು ಹೆಜ್ಜೆ ಆಚೆ ಹೋಗಿ ಚಿಗುರು ತಿಂದು ಬಂತು. ನಾಲ್ಕನೇ ದಿನ ಇನ್ನೂ ದೂರ ಹೋಯಿತು. ಐದನೇ ದಿನ ಬೆಳಗ್ಗೆ ಬಂದಾಗ ಕೈ ಖಾಲಿ. ಆ ದಿನ ನಾನು ಪುಸ್ತಕದಲ್ಲಿ ಬರೆದುಕೊಂಡದ್ದು ಒಂದೇ ಸಾಲು: ಎರಡೂ ಕೈಯಲ್ಲಿ ತಿನ್ನುತ್ತಿದೆ.

ಆ "ಮೂರು ಕಾಲು" ಅನ್ನುವುದನ್ನು ನೆನಪಿಡಿ. ನಿಮ್ಮ ಪ್ರಶ್ನೆಯ ಗುಟ್ಟು ಅಲ್ಲೇ ಇದೆ.

ಜೀವಂತ ಮರಿ ತಾನೇ ತಾಯಿಗೆ ಅಂಟಿಕೊಳ್ಳುತ್ತದೆ. ಹುಟ್ಟಿದ ದಿನದಿಂದಲೇ ಅದರ ಬೆರಳಿಗೆ ಆ ಹಿಡಿತ ಇರುತ್ತದೆ. ತಾಯಿ ಮಾಡಿನಿಂದ ಮಾಡಿಗೆ ಹಾರಿದರೂ ಹೊಟ್ಟೆಯ ಕೂದಲು ಹಿಡಿದು ನೇತಾಡುತ್ತದೆ. ತಾಯಿ ಆಗೊಮ್ಮೆ ಈಗೊಮ್ಮೆ ಒಂದು ಕೈ ಆಸರೆ ಕೊಟ್ಟರೆ ಸಾಕು. ಸತ್ತ ಮರಿ ಹಿಡಿದುಕೊಳ್ಳುವುದಿಲ್ಲ. ಆಗ ತಾಯಿಯೇ ಹಿಡಿಯಬೇಕು. ಅದು ಹೇಗೆ ಹಿಡಿಯುತ್ತದೆ ನೋಡಿ. ತೋಳಿನಲ್ಲಿ, ಕಾಲಿನಲ್ಲಿ, ಬಾಲದಲ್ಲಿ, ಕೆಲವು ಸಲ ಬಾಯಲ್ಲಿ. ಎಳೆಯುತ್ತದೆ, ತಲೆಕೆಳಗಾಗಿ ಹಿಡಿಯುತ್ತದೆ. ಬದುಕಿರುವ ಮರಿಯನ್ನು ತಾಯಿ ಮಂಗ ಸಾಮಾನ್ಯವಾಗಿ ಹೀಗೆ ಹಿಡಿಯುವುದಿಲ್ಲ. ಹಾಗಾದರೆ ಏನೋ ಬದಲಾಗಿದೆ ಅನ್ನುವುದು ಅದಕ್ಕೆ ತಿಳಿದಿದೆ. ಮರಿ ಮಲಗಿದೆ ಅಂದುಕೊಂಡಿದ್ದರೆ ಎದೆಗೆ ಒತ್ತಿಕೊಂಡೇ ಓಡಾಡುತ್ತಿತ್ತು, ಅಲ್ವಾ?

ಆದರೆ ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಮೊದಲ ದಿನದ ಮಟ್ಟಿಗೆ ಅವರು ಹೇಳಿದ್ದರಲ್ಲಿ ಹುರುಳಿದೆ. ಎಳೆ ಮರಿಗಳು ಜ್ವರ ಬಂದೋ, ಬಿಸಿಲಿಗೆ ಬಳಲಿಯೋ ಸೋತು ಬೀಳುತ್ತವೆ. ಅಲ್ಲಾಡದೆ ಬಿದ್ದ ಮರಿ ಮತ್ತೆ ಚೇತರಿಸಿಕೊಳ್ಳುವುದೂ ಉಂಟು. ಅವಸರಪಟ್ಟು ಬಿಟ್ಟು ಹೋದ ತಾಯಿಗೆ ಬದುಕಬಹುದಾದ ಮರಿಯೂ ಕೈತಪ್ಪುತ್ತದೆ. ಒಂದು ದಿನ ಜಾಸ್ತಿ ಹೊತ್ತು ತಿರುಗಿದ ತಾಯಿಗೆ ಅಷ್ಟು ದೊಡ್ಡ ನಷ್ಟವಿಲ್ಲ. ಹಾಗಾಗಿ "ಕಾದು ನೋಡು" ಅನ್ನುವ ಗುಣ ಈ ಪ್ರಾಣಿಗಳಲ್ಲಿ ಉಳಿದುಕೊಂಡು ಬಂದಿರಬಹುದು ಅಂತ ಕೆಲವು ವಿಜ್ಞಾನಿಗಳು ವಾದಿಸುತ್ತಾರೆ. ಆದರೆ ನಾಲ್ಕನೇ ದಿನ, ವಾಸನೆಯೂ ಬಂದ ಮೇಲೆ ಈ ವಾದ ಸಾಲುವುದಿಲ್ಲ.

ಇಲ್ಲಿ ಒಬ್ಬ ಜಪಾನಿ ವಿಜ್ಞಾನಿಯ ಕಥೆ ಹೇಳಲೇಬೇಕು. ನಮ್ಮ ನೆಲಕ್ಕೂ ಅವರಿಗೂ ನಂಟಿದೆ. ಅವರ ಹೆಸರು ಯುಕಿಮಾರು ಸುಗಿಯಾಮಾ. 1960ರ ದಶಕದ ಆರಂಭದಲ್ಲಿ ಅವರು ಧಾರವಾಡಕ್ಕೆ ಬಂದು, ಅಲ್ಲಿನ ಕಾಡಿನ ಮುಸುವಗಳ ಹಿಂದೆ ತಿರುಗಿದರು. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಆಗ ಯಾರೂ ನಂಬಲಾಗದ ಸಂಗತಿ. ಹೊರಗಿನಿಂದ ಬಂದ ಗಂಡು, ಗುಂಪಿನ ಹಳೆಯ ಯಜಮಾನನನ್ನು ಓಡಿಸಿ, ಎಳೆ ಮರಿಗಳನ್ನು ಒಂದೊಂದಾಗಿ ಕಚ್ಚಿ ಕೊಂದುಹಾಕಿತು. ಇದು ಹುಚ್ಚು ಮಂಗದ ಕೆಲಸ ಅಂತ ಹಲವರು ಅಂದರು. ಮುಂದೆ 1970ರ ದಶಕದಲ್ಲಿ ಸಾರಾ ಹರ್ಡಿ ಅನ್ನುವ ಅಮೆರಿಕದ ವಿಜ್ಞಾನಿ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಇದನ್ನೇ ನೋಡಿ, ಕಾರಣ ಕೊಟ್ಟರು. ಹಾಲುಣಿಸುವ ತಾಯಿ ಮತ್ತೆ ಬಸಿರಾಗುವುದು ತಡ. ಮರಿ ಸತ್ತರೆ ಹಾಲು ನಿಲ್ಲುತ್ತದೆ, ತಾಯಿ ಬೇಗ ಬೆದೆಗೆ ಬರುತ್ತದೆ, ಹೊಸ ಗಂಡಿನ ಮರಿ ಬೇಗ ಹುಟ್ಟುತ್ತದೆ. ಕೇಳಲು ಕಷ್ಟವಾಗುವ ಮಾತು. ಆದರೆ ಮಂಗಗಳ ಬಗ್ಗೆ ಜಗತ್ತು ಯೋಚಿಸುವ ರೀತಿಯನ್ನೇ ಬದಲಿಸಿದ ಈ ಚರ್ಚೆ ಶುರುವಾದದ್ದು ನಮ್ಮ ಧಾರವಾಡದ ಮರಗಳ ಕೆಳಗೆ.

ಅದೇ ಸುಗಿಯಾಮಾ 1976ರಲ್ಲಿ ಆಫ್ರಿಕಾದ ಗಿನಿ ದೇಶದ ಬೊಸ್ಸೌ ಅನ್ನುವ ಹಳ್ಳಿಯಲ್ಲಿ ಚಿಂಪಾಂಜಿಗಳ ಅಧ್ಯಯನ ಶುರು ಮಾಡಿದರು. ಅಲ್ಲಿ ಜಿರೆ ಅನ್ನುವ ಹೆಣ್ಣು ಚಿಂಪಾಂಜಿ ಇತ್ತು. 2003ರಲ್ಲಿ ಉಸಿರಾಟದ ಕಾಯಿಲೆ ಹಬ್ಬಿ ಅಲ್ಲಿನ ಮರಿಗಳು ಸತ್ತಾಗ, ಜಿರೆ ತನ್ನ ಮರಿಯ ದೇಹವನ್ನು 68 ದಿನ ಹೊತ್ತು ತಿರುಗಿತು. ಇನ್ನೊಂದು ತಾಯಿ 19 ದಿನ. ದೇಹಗಳು ಒಣಗಿ ಚರ್ಮದ ಚೀಲದಂತಾಗಿದ್ದವು. ನೀವು "ಒಣಗಿ ಕಪ್ಪಾಗಿದೆ" ಅಂತ ಬರೆದದ್ದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಜಿರೆ. ಇಥಿಯೋಪಿಯಾದ ಎತ್ತರದ ಬಯಲಿನ ಗೆಲಾಡಾ ಮಂಗಗಳಲ್ಲೂ ಒಂದು ತಾಯಿ 48 ದಿನದವರೆಗೆ ಹೊತ್ತದ್ದು ದಾಖಲಾಗಿದೆ.

ಗಾಬರಿಯಾಗಬೇಡಿ. ಇವು ತೀರಾ ಅಪರೂಪದ ಪ್ರಕರಣಗಳು. ನಿಮ್ಮ ಮಂಗಕ್ಕೆ ಹತ್ತಿರದ ಲೆಕ್ಕ ಬೇರೆ ಇದೆ. ಅದನ್ನು ಕೊಟ್ಟವರೂ ಸುಗಿಯಾಮಾ ಮತ್ತು ಅವರ ಜೊತೆಗಾರರೇ. ಜಪಾನಿನ ತಕಾಸಾಕಿಯಾಮಾ ಬೆಟ್ಟದ ಮಂಗಗಳೂ ಮಕಾಕ್‌ಗಳೇ, ನಿಮ್ಮ ಟೋಪಿ ಮಂಗದ ದಾಯಾದಿಗಳು. ಅಲ್ಲಿ 24 ವರ್ಷದಲ್ಲಿ 6,781 ಹೆರಿಗೆಗಳನ್ನು ದಾಖಲಿಸಿದರು. ಅದರಲ್ಲಿ 157 ಸಲ ತಾಯಿ ಸತ್ತ ಮರಿಯನ್ನು ಹೊತ್ತು ತಿರುಗಿತ್ತು. ಹತ್ತರಲ್ಲಿ ಒಂಬತ್ತು ತಾಯಂದಿರು ಒಂದು ವಾರದೊಳಗೆ ಬಿಟ್ಟುಬಿಟ್ಟವು. ಅತಿ ಹೆಚ್ಚು ಅಂದರೆ 17 ದಿನ. ನಿಮ್ಮದು ನಾಲ್ಕನೇ ದಿನ. ಈ ಲೆಕ್ಕ ನೋಡಿದರೆ ಇನ್ನು ಎರಡು ಮೂರು ದಿನದ ಮಾತು.

ಹಾಗಾದರೆ ಯಾಕೆ ಹೊರುತ್ತದೆ? 2021ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಜಗತ್ತಿನ ಹಳೆಯ ಹೊಸ ವರದಿಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಮಂಗ, ವಾನರ, ಮಡಗಾಸ್ಕರ್ ದ್ವೀಪದಲ್ಲಿರುವ ಮಂಗಗಳ ದೂರದ ನೆಂಟ ಲೆಮೂರ್, ಎಲ್ಲ ಸೇರಿ 50 ಜಾತಿಗಳು, 409 ಸಾವುಗಳು. ನೂರಕ್ಕೆ 80 ಜಾತಿಗಳಲ್ಲಿ ತಾಯಂದಿರು ದೇಹ ಹೊತ್ತಿದ್ದವು. ಚಿಂಪಾಂಜಿ, ಗೊರಿಲ್ಲಾದಂಥ ದೊಡ್ಡ ವಾನರಗಳು ಮತ್ತು ನಮ್ಮ ಮಂಗಗಳಿರುವ ಗುಂಪಿನಲ್ಲಿ ಇದು ಜಾಸ್ತಿ. ಲೆಮೂರ್‌ಗಳು ಹೊರುವುದಿಲ್ಲ, ಆದರೆ ಮತ್ತೆ ಮತ್ತೆ ದೇಹದ ಹತ್ತಿರ ಬರುತ್ತವೆ, ಮರಿಯನ್ನು ಕರೆಯುವ ಕೂಗು ಹಾಕುತ್ತವೆ.

ಆ ಅಧ್ಯಯನದಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಎರಡು ಸಂಗತಿ. ಎಳೆಯ ಮರಿ ಸತ್ತರೆ ತಾಯಿ ಹೆಚ್ಚು ದಿನ ಹೊರುತ್ತದೆ, ಹಾಲು ಬಿಡುವ ವಯಸ್ಸಿಗೆ ಬಂದ ಮರಿಯಾದರೆ ಬೇಗ ಬಿಡುತ್ತದೆ. ಎರಡನೆಯದು, ಮರಿ ಅಪಘಾತದಲ್ಲೋ ಕಚ್ಚಾಟದಲ್ಲೋ ಸತ್ತಿದ್ದರೆ ಹೊರುವುದು ಕಡಿಮೆ. ಕಾಯಿಲೆಯಂಥ ಕಾರಣದಿಂದ ಸದ್ದಿಲ್ಲದೆ ಸತ್ತಿದ್ದರೆ ಜಾಸ್ತಿ. ಇದನ್ನು ಸ್ವಲ್ಪ ಯೋಚಿಸಿ ನೋಡಿ. ತಾಯಿಗೆ ಏನೂ ತಿಳಿಯುವುದಿಲ್ಲ ಅನ್ನುವುದಾದರೆ ಸಾವು ಹೇಗೆ ಬಂತು ಅನ್ನುವುದರಿಂದ ಅದರ ನಡತೆ ಯಾಕೆ ಬದಲಾಗಬೇಕು? ಕಣ್ಣೆದುರೇ ಗಾಯವಾಗಿ ಸತ್ತದ್ದು ತಾಯಿಗೆ ಬೇಗ ಅರ್ಥವಾಗುತ್ತದೆ. ಕಾಯಿಲೆಯಿಂದ ಮೆಲ್ಲಗೆ ತಣ್ಣಗಾದದ್ದನ್ನು ಒಪ್ಪಲು ಹೊತ್ತು ಬೇಕು. ಮನುಷ್ಯರಲ್ಲೂ ನಾವು ಇದನ್ನು ಕಂಡವರೇ.

ಹಾರ್ಮೋನಿನ ಪಾತ್ರವೂ ಇದೆ. ಹೆತ್ತ ತಾಯಿಯ ಮೈಯಲ್ಲಿ ಹಾಲು ಬರಿಸುವ, ಮರಿಯನ್ನು ಹತ್ತಿರ ಎಳೆದುಕೊಳ್ಳುವಂತೆ ಮಾಡುವ ಹಾರ್ಮೋನುಗಳು ಹರಿಯುತ್ತಿರುತ್ತವೆ. ಮರಿ ಸತ್ತ ಗಳಿಗೆಗೆ ಅವು ನಿಲ್ಲುವುದಿಲ್ಲ. ಹಾಲು ಬತ್ತಲು ದಿನ ಬೇಕು. ಕಣ್ಣಿಗೆ ತಿಳಿದದ್ದು ಮೈಗೆ ತಿಳಿಯಲು ತಡವಾಗುತ್ತದೆ.

ಇನ್ನು ನಿಮ್ಮ ಮಗನ ಮಾತು. ಭಾವನೆಗೆ ಕಣ್ಣೀರು ಸುರಿಸುವುದು ಮನುಷ್ಯರಲ್ಲಿ ಮಾತ್ರ ಕಂಡಿದೆ. ಆ ಲೆಕ್ಕದಲ್ಲಿ ಅದು ಅಳುತ್ತಿಲ್ಲ. ಆದರೆ ದುಃಖಕ್ಕೆ ಕಣ್ಣೀರೇ ಬೇಕೇನು? ಆಫ್ರಿಕಾದ ಬೋಟ್ಸ್ವಾನಾದಲ್ಲಿ ಬಬೂನ್ ಮಂಗಗಳ ಮೇಲೆ ಒಂದು ಸೊಗಸಾದ ಅಧ್ಯಯನ ನಡೆದಿದೆ. ಆನ್ ಎಂಗ್, ಡೊರೊಥಿ ಚೇನಿ, ರಾಬರ್ಟ್ ಸೇಫರ್ತ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ್ದು. ಅವರು ಯಾವ ಮಂಗವನ್ನೂ ಹಿಡಿಯಲಿಲ್ಲ, ಸೂಜಿ ಚುಚ್ಚಲಿಲ್ಲ. ಹಿಂದೆ ನಡೆದು ಲದ್ದಿ ಕೂಡಿಸಿ, ಅದರಲ್ಲಿ ಒತ್ತಡದ ಹಾರ್ಮೋನ್ ಎಷ್ಟಿದೆ ಅಂತ ಅಳೆದರು. ಮರಿಯನ್ನೋ ಹತ್ತಿರದ ಬಂಧುವನ್ನೋ ಕಳೆದುಕೊಂಡ ಹೆಣ್ಣುಗಳಲ್ಲಿ ಮುಂದಿನ ಒಂದು ತಿಂಗಳು ಆ ಹಾರ್ಮೋನ್ ಏರಿತ್ತು. ಅದೇ ಗುಂಪಿನ ಬೇರೆ ಹೆಣ್ಣುಗಳಲ್ಲಿ ಏರಿರಲಿಲ್ಲ. ಬಂಧುವನ್ನು ಕಳೆದುಕೊಂಡ ಮನುಷ್ಯರ ಮೈಯಲ್ಲಿ ಏರುವುದೂ ಇದೇ ಬಗೆಯ ಹಾರ್ಮೋನ್.

ಅದಕ್ಕಿಂತ ಮುಖ್ಯ, ಆ ಹೆಣ್ಣುಗಳು ಆಮೇಲೆ ಏನು ಮಾಡಿದವು ಅನ್ನುವುದು. ಮೂಲೆ ಹಿಡಿದು ಕೂರಲಿಲ್ಲ. ಮೊದಲಿಗಿಂತ ಜಾಸ್ತಿ ಹೊತ್ತು, ಮೊದಲಿಗಿಂತ ಜಾಸ್ತಿ ಮಂಗಗಳ ಜೊತೆ ಕೂತು ಕೂದಲು ಬಿಡಿಸಿಕೊಂಡವು. ಮಂಗಗಳು ಒಂದಕ್ಕೊಂದು ಹೇನು ನೋಡುವುದು ಬರೀ ಹೇನಿಗಾಗಿ ಅಲ್ಲ. ಹಾಗೆ ಕೂತಾಗ ಎದೆಬಡಿತ ನಿಧಾನವಾಗುತ್ತದೆ. ಹೊಸ ಗೆಳೆತನ ಹುಟ್ಟುವುದೂ, ಹಳೆಯದು ಉಳಿಯುವುದೂ ಹೀಗೆ ಕೂತು ಕೂತೇ. ಟೋಪಿ ಮಂಗಗಳಲ್ಲಿ ಗಂಡು ಬೆಳೆದ ಮೇಲೆ ಬೇರೆ ಗುಂಪಿಗೆ ಹೋಗುತ್ತದೆ, ಹೆಣ್ಣು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತದೆ. ಅಂದರೆ ನೀವು ನೋಡುತ್ತಿರುವ ತಾಯಿಯ ಸುತ್ತ ಅದರ ಅವ್ವ, ಅಕ್ಕ ತಂಗಿಯರು, ಚಿಕ್ಕವ್ವ ಇರುವ ಸಾಧ್ಯತೆ ಜಾಸ್ತಿ. ಅದು ತವರಿನಲ್ಲೇ ಇದೆ.

ತಾಯಿ ಮತ್ತು ಮರಿಯ ನಂಟು ಬರೀ ಹಾಲಿನದಲ್ಲ ಅನ್ನುವುದು 1950ರ ದಶಕದಲ್ಲೇ ಗೊತ್ತಾಗಿತ್ತು. ಅಮೆರಿಕದಲ್ಲಿ ಹ್ಯಾರಿ ಹಾರ್ಲೋ ಅನ್ನುವವರು ಮರಿಗಳನ್ನು ತಾಯಿಯಿಂದ ಬೇರೆ ಮಾಡಿ, ತಂತಿಯದ್ದೊಂದು ಬಟ್ಟೆಯದ್ದೊಂದು ಗೊಂಬೆ ತಾಯಿ ಕೊಟ್ಟರು. ಹಾಲಿನ ಬಾಟಲಿ ತಂತಿ ತಾಯಿಯಲ್ಲಿದ್ದರೂ ಮರಿಗಳು ಇಡೀ ದಿನ ಅಪ್ಪಿಕೊಂಡದ್ದು ಬಟ್ಟೆ ತಾಯಿಯನ್ನು. ಆ ಪ್ರಯೋಗ ಕ್ರೂರ. ಅಷ್ಟು ನೋವು ಕೊಟ್ಟು ಕಲಿಯಬೇಕಾಗಿತ್ತಾ ಅಂತ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಲದ್ದಿ ಕೂಡಿಸಿ ಕಲಿತವರ ದಾರಿಯೇ ನನಗೆ ಸರಿ ಅನ್ನಿಸುತ್ತದೆ.

ಹೀಗಾಗಿ ನನ್ನ ತೀರ್ಮಾನ ನಿಮ್ಮ ಮಗನ ಕಡೆಗೆ. ಅದಕ್ಕೆ ತಿಳಿದಿದೆ. ತಿಳಿಯುವುದು ಒಂದು ಕೆಲಸ, ಬಿಡುವುದು ಇನ್ನೊಂದು. ಮೊದಲನೆಯದು ಆಗಿದೆ. ಎರಡನೆಯದು ನಡೆಯುತ್ತಿದೆ. ಮಧ್ಯದಲ್ಲಿ ಬಲೆ ಹಾಕಿ ಕಸಿದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಈಗ ನೀವು ಮಾಡಬೇಕಾದ್ದು. ಬೆಟ್ಟಕ್ಕೆ ಬಂದವರು ಅದರ ಸುತ್ತ ಮೊಬೈಲ್ ಹಿಡಿದು ನಿಲ್ಲದಂತೆ ನೋಡಿಕೊಳ್ಳಿ. ಬಿಸ್ಕತ್ತು, ಬಾಳೆಹಣ್ಣು ಎಸೆಯಬೇಡಿ ಅನ್ನಿ. ಕರುಣೆಯಿಂದಲೇ ಎಸೆಯುತ್ತಾರೆ, ಆದರೆ ತಿಂಡಿ ಬಿದ್ದ ಕಡೆ ಇಡೀ ಗುಂಪು ನುಗ್ಗುತ್ತದೆ. ಒಂದು ಕೈ ಮರಿಗೆ ಕೊಟ್ಟ ತಾಯಿ ಆ ನೂಕಾಟದಲ್ಲಿ ಏಟು ತಿನ್ನುತ್ತದೆ. ಈ ಮಂಗಗಳು ನಮ್ಮಿಂದ ಕೇಳಿ ತಿನ್ನುವುದನ್ನು ಎಷ್ಟು ಚೆನ್ನಾಗಿ ಕಲಿತಿವೆ ಅಂದರೆ, ಬಂಡೀಪುರದ ಟೋಪಿ ಮಂಗಗಳು ಜನರ ಕಡೆ ಕೈ ಚಾಚಿ, "ಕೂ" ಅಂತ ದನಿ ಮಾಡಿ ತಿಂಡಿ ಕೇಳುವುದನ್ನು ಬೆಂಗಳೂರಿನ ಅನಿಂದ್ಯ ಸಿನ್ಹಾ ಮತ್ತು ಜೊತೆಗಾರರು 2018ರಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಅದಕ್ಕೆ ನೆರಳು, ನೀರು ಸಿಕ್ಕರೆ ಸಾಕು. ಚಿಗುರು, ಹುಳು ತಾನೇ ಹುಡುಕಿಕೊಳ್ಳುತ್ತದೆ.

ಅದು ಹಲ್ಲು ಕಿರಿದರೆ ನಗುತ್ತಿದೆ ಅಂದುಕೊಂಡು ಜನ ಹತ್ತಿರ ಹೋಗುತ್ತಾರೆ. ಅದು ನಗುವಲ್ಲ, ಹೆದರಿಕೆ. ಬಾಯಿ ತೆರೆದು ನೆಟ್ಟ ಕಣ್ಣಲ್ಲಿ ನೋಡಿದರೆ ಅದು ಬೆದರಿಕೆ. ಎರಡರಲ್ಲೂ ಕಣ್ಣು ತಪ್ಪಿಸಿ, ಬೆನ್ನು ತೋರಿಸದೆ ಮೆಲ್ಲಗೆ ಹಿಂದೆ ಸರಿಯಬೇಕು. ಯಾರಿಗಾದರೂ ಕಚ್ಚಿದರೆ, ಪರಚಿದರೆ, ಅರಿಶಿನ ಮೆತ್ತಿ ಸುಮ್ನೆ ಕೂರಬೇಡಿ. ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ವಿಚಾರಿಸಿ. ಹುಚ್ಚು ನಾಯಿಯಿಂದ ಬರುವ ರೋಗ ಮಂಗದಿಂದಲೂ ಬರಬಹುದು.

ವಾಸನೆಯಿಂದ ರೋಗ ಬರುವುದಿಲ್ಲ. ಮುಟ್ಟಿದರೆ ಅಪಾಯ. ತಾಯಿ ಮರಿಯನ್ನು ಒಂದಿಷ್ಟು ಹೊತ್ತು ಬಿಟ್ಟು ಹೋದ ಕೂಡಲೇ ಎತ್ತಬೇಡಿ, ಅದು ಮರಳಿ ಬರಬಹುದು. ಒಂದು ಇಡೀ ದಿನ ಬರದಿದ್ದರೆ ಆಗ ಹುಡುಗರ ಕೈಗೆ ಕೆಲಸ ಕೊಡಿ. ಸಲಿಕೆಯಿಂದ ಎತ್ತಲಿ, ಬರಿಗೈ ಬೇಡ. ನಾಯಿ ಕೆದರದಷ್ಟು ಆಳದ ಕುಣಿ ತೋಡಲಿ. ನಮ್ಮ ಕಡೆ ಮಂಗ ಸತ್ತರೆ ಹನುಮಪ್ಪ ಅಂತಲೇ ಹೂ ಹಾಕಿ ಹೂಳುತ್ತೇವೆ. ನಿಮ್ಮ ಅಂಗಡಿಯಲ್ಲಿ ಹೂವಿಗೇನು ಬರವಿಲ್ಲ. ಆಮೇಲೆ ಎಲ್ಲರೂ ಕೈ ತೊಳೆಯಲಿ. ಅದೇ ಗುಂಪಿನಲ್ಲಿ ಇನ್ನೂ ಒಂದೆರಡು ಮಂಗ ಸತ್ತರೆ ಮಾತ್ರ ತಡ ಮಾಡದೆ ಅರಣ್ಯ ಇಲಾಖೆಗೆ ತಿಳಿಸಿ. ಆಗ ಅದು ಒಂದು ಮನೆಯ ದುಃಖವಲ್ಲ, ರೋಗವೋ ವಿಷವೋ ಇರಬಹುದು.

ಮಗನಿಗೊಂದು ಕೆಲಸ ಹೇಳುತ್ತೇನೆ. ಹಳೆಯ ನೋಟ್ ಪುಸ್ತಕ ಕೊಡಿ. ಶಾಲೆಗೆ ಹೋಗುವ ಮುಂಚೆ ಹತ್ತು ನಿಮಿಷ, ಬಂದ ಮೇಲೆ ಹತ್ತು ನಿಮಿಷ ಅಂಗಡಿಯ ಒಳಗೇ ಕೂತು ನೋಡಲಿ. ತಾಯಿ ಮರಿಯನ್ನು ಯಾವ ಕೈಯಲ್ಲಿ ಹಿಡಿದಿದೆ, ಕೆಳಗೆ ಇಟ್ಟು ಎಷ್ಟು ಹೆಜ್ಜೆ ದೂರ ಹೋಯಿತು, ಎಷ್ಟು ಹೊತ್ತಿಗೆ ಮರಳಿತು, ಬರೆದುಕೊಳ್ಳಲಿ. ಟೋಪಿ ಮಂಗಗಳಲ್ಲಿ ಈ ನಡತೆಯ ಬಗ್ಗೆ ನಮ್ಮ ದೇಶದ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ್ದೂ ಹೀಗೆ ಒಂದೊಂದು ತಾಯಿಯನ್ನು ಕೂತು ನೋಡಿ ಬರೆದುಕೊಂಡದ್ದೇ. ಕೈ ಖಾಲಿಯಾದ ದಿನ ನೋಡುವುದನ್ನು ನಿಲ್ಲಿಸುವುದು ಬೇಡ. ಅವತ್ತಿನಿಂದ ಇನ್ನೊಂದು ವಾರ, ಅದರ ಪಕ್ಕ ಯಾರು ಬಂದು ಕೂತು ಕೂದಲು ಬಿಡಿಸಿದರು ಅಂತ ಬರೆದು ನನಗೆ ಕಳಿಸಲಿ.